ಕಂಟಿನ್ಯುಟಿ ಪುಸ್ತಕದಿಂದ ಎಐ ಕಥೆಗಳವರೆಗೆ: ಸಿನಿಮಾ ಕೆಲಸಗಾರರಿಗೆ ಒಂದು ದಾರಿ

ನನ್ನ ಮನೆಯ ಅಟ್ಟದ ಮೇಲೆ ಹನ್ನೊಂದು ಕಂಟಿನ್ಯುಟಿ ಪುಸ್ತಕಗಳಿವೆ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಏನೂ ಬದಲಾಗದಂತೆ ಸೆಟ್ಟಿನಲ್ಲಿ ವಿವರ ಬರೆದಿಡುವ ಪುಸ್ತಕಗಳು ಅವು. ಒಂದನ್ನು ತೆರೆದರೆ ಹೀಗಿದೆ: ‘ದೃಶ್ಯ 42, ಟೇಕ್ 3. ಲೋಟ ಅರ್ಧ ಖಾಲಿ, ಎಡಗೈಯಲ್ಲಿ. ಗಡಿಯಾರ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅಣ್ಣನನ್ನು ಇಲ್ಲಿಯವರೆಗೆ ನೀವು ಎಂದಿದ್ದಾಳೆ, ಈ ಮಾತಿನಿಂದ ನೀನು.’ ಸಹಾಯಕ ನಿರ್ದೇಶಕನಾಗಿ ಹನ್ನೆರಡು ವರ್ಷ ಇಂಥ ಸಾಲುಗಳನ್ನು ಬರೆದೆ. ಈಗ ಮೂರು ವರ್ಷಗಳಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಎಐ ಬರೆಯುವ ಕನ್ನಡ ಕಥೆಗಳನ್ನು ತಿದ್ದುವ, ಅಳೆಯುವ, ಕೆಲವೊಮ್ಮೆ ಮೊದಲಿನಿಂದ ಕಟ್ಟುವ ಕೆಲಸದಲ್ಲಿದ್ದೇನೆ. ಗಾಂಧಿನಗರದ ಗೆಳೆಯರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: ‘ಅಲ್ಲಿಗೆ ಹೋಗುವುದು ಹೇಗೆ? ಯಾವ ಕೋರ್ಸ್ ಮಾಡಬೇಕು?’ ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆಯುತ್ತಿದ್ದೇನೆ.

ಕೋರ್ಸಿನ ವಿಚಾರ ಆಮೇಲೆ ನೋಡೋಣ. ಮೊದಲು ಅಟ್ಟ ಹತ್ತಿ ನಿಮ್ಮ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ. ಈ ಹೊಸ ಕೆಲಸದಲ್ಲಿ ನಿಮ್ಮ ಬಂಡವಾಳ ಅವುಗಳಲ್ಲೇ ಇದೆ. ಒಂದು ದೃಶ್ಯ ಎಲ್ಲಿ ಕೆಟ್ಟಿತು ಎಂಬುದು ಪ್ರೇಕ್ಷಕನ ಅನುಭವಕ್ಕೂ ಬರುತ್ತದೆ. ಏಕೆ ಕೆಟ್ಟಿತು ಎಂಬುದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದಿಡುವ ಅಭ್ಯಾಸ ಮಾತ್ರ ಸೆಟ್ಟಿನಲ್ಲಿ ವರ್ಷಗಟ್ಟಲೆ ನಿಂತವರಿಗೇ ಇರುತ್ತದೆ.

ಹೆಜ್ಜೆ 1: ಮಾಡಿದ ಕೆಲಸಕ್ಕೆ ಹೆಸರು ಕೊಡಿ

ಒಂದು ಹಾಳೆ ತೆಗೆದುಕೊಂಡು, ಮಾಡಿದ ಚಿತ್ರಗಳ ಪಟ್ಟಿಯ ಬದಲು ಮಾಡಿದ ಕೆಲಸಗಳ ಪಟ್ಟಿ ಬರೆಯಿರಿ. ಚಿತ್ರಕಥೆಯನ್ನು ದೃಶ್ಯಗಳಾಗಿ ಒಡೆದು, ಪ್ರತಿ ದೃಶ್ಯಕ್ಕೆ ಸ್ಥಳ, ಹಗಲು ಅಥವಾ ರಾತ್ರಿ, ಕಲಾವಿದರು, ಉಡುಪು, ಪ್ರಾಪರ್ಟಿ (ದೃಶ್ಯದಲ್ಲಿ ಬಳಸುವ ವಸ್ತುಗಳು) ಎಂದು ಬೇರ್ಪಡಿಸಿದ್ದೀರಿ. ದೊಡ್ಡ ಕೆಲಸವನ್ನು ಎಐಗೆ ಕೊಡುವಾಗ ಬೇಕಾಗುವುದು ಇದೇ ಒಡೆಯುವಿಕೆ. ಡಬ್ಬಿಂಗ್ ಸ್ಟುಡಿಯೋದಲ್ಲಿ ಕುಳಿತು ತುಟಿಗೆ ಮಾತು ಹೊಂದಿಸಿದ್ದೀರಿ, ‘ಈ ದನಿ ಈ ಮುಖದ್ದಲ್ಲ’ ಎಂದು ಹೇಳಿದ್ದೀರಿ. ಧ್ವನಿ ತಂತ್ರಜ್ಞಾನದ ಕಂಪನಿಗಳಿಗೆ ಆ ಕಿವಿ ಬೇಕು. ಎಡಿಟಿಂಗ್ ಮೇಜಿನ ಮುಂದೆ ಹದಿನಾಲ್ಕು ಟೇಕುಗಳಲ್ಲಿ ಒಂದನ್ನು ಉಳಿಸಿ ಹದಿಮೂರನ್ನು ಬಿಟ್ಟಿದ್ದೀರಿ. ಕ್ಷಣಕ್ಕೆ ಹತ್ತು ಸಾಲು ಹುಟ್ಟಿಸುವ ಯಂತ್ರದ ಮುಂದೆ ಅತ್ಯಂತ ಕಷ್ಟದ ಕೆಲಸ ಬಿಡುವುದೇ. ‘ಸಹ ನಿರ್ದೇಶಕ, ಐದು ಚಿತ್ರಗಳು’ ಎಂದು ಬರೆದರೆ ಎಚ್‌ಎಸ್‌ಆರ್ ಲೇಔಟ್‌ನ ಕಂಪನಿಯಲ್ಲಿ ಕುಳಿತವರಿಗೆ ಏನೂ ತಿಳಿಯುವುದಿಲ್ಲ; ಈ ಮೂರನ್ನು ಬಿಡಿಸಿ ಬರೆದರೆ ತಿಳಿಯುತ್ತದೆ.

ಹೆಜ್ಜೆ 2: ಬರವಣಿಗೆಯನ್ನು ಯುನಿಕೋಡ್‌ಗೆ ತನ್ನಿ

ಯುನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ನಿಗದಿತ ಸಂಕೇತ ಕೊಡುವ ಜಾಗತಿಕ ಪದ್ಧತಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಹಲವರು ಇಲ್ಲೇ ಸಿಕ್ಕಿಹಾಕಿಕೊಂಡಿದ್ದನ್ನು ನೋಡಿದ್ದೇನೆ. ನಮ್ಮಲ್ಲಿ ಬಹಳಷ್ಟು ಚಿತ್ರಕಥೆಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿವೆ. ತೆರೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರಿನ ಒಳಗೆ ಅವು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ಕಡತವನ್ನು ಎಐಗೆ ಕೊಟ್ಟರೆ ಅದಕ್ಕೆ ಕನ್ನಡ ಕಾಣುವುದೇ ಇಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿಯ ಈಚಿನ ಆವೃತ್ತಿಗಳಲ್ಲಿ ಯುನಿಕೋಡ್ ಇದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ, ಅಲ್ಲೇ ಹೆಚ್ಚು ತಪ್ಪುಗಳು ಉಳಿಯುತ್ತವೆ. ಕೈಬರಹದ ಸಂಭಾಷಣೆಗಳಿದ್ದರೆ ನೀವೇ ಕುಳಿತು ಟೈಪ್ ಮಾಡಿ. ಮೂವತ್ತು ಪುಟ ಟೈಪ್ ಮಾಡುವಷ್ಟರಲ್ಲಿ ನಿಮ್ಮ ಬರವಣಿಗೆಯ ಬಲ, ದೌರ್ಬಲ್ಯ ಎರಡೂ ಕಣ್ಣಿಗೆ ಬೀಳುತ್ತವೆ.

ಹೆಜ್ಜೆ 3: ಯಂತ್ರ ಕನ್ನಡವನ್ನು ಹೇಗೆ ನೋಡುತ್ತದೆ ಎಂದು ತಿಳಿಯಿರಿ

ಕ್ಯಾಮೆರಾ ಬಿಚ್ಚಿ ಜೋಡಿಸಲು ಬಾರದಿದ್ದರೂ ಲೆನ್ಸ್ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಶಾಟ್ ಇಡಬಹುದು. ಇಲ್ಲಿಯೂ ಅಷ್ಟು ತಿಳಿವಳಿಕೆ ಸಾಕು. ಇಂದಿನ ಭಾಷಾ ಮಾದರಿಗಳಿಗೆ, ಅಂದರೆ ಪಠ್ಯ ಬರೆಯುವ ಎಐಗಳಿಗೆ, ತಳಹದಿಯಾದ ‘ಟ್ರಾನ್ಸ್‌ಫಾರ್ಮರ್’ ವಿನ್ಯಾಸ ಬಂದದ್ದು 2017ರಲ್ಲಿ, ಚಾಟ್‌ಜಿಪಿಟಿ ಬಿಡುಗಡೆಯಾದದ್ದು 2022ರ ನವೆಂಬರ್ 30ರಂದು. ಅಪಾರ ಪಠ್ಯವನ್ನು ಓದಿ, ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದೇ ಇವುಗಳ ಮೂಲ ಕೆಲಸ. ಆ ತುಣುಕಿಗೆ ಟೋಕನ್ ಎನ್ನುತ್ತಾರೆ.

ಕನ್ನಡದ ತೊಡಕು ಟೋಕನ್‌ನಲ್ಲೇ ಶುರುವಾಗುತ್ತದೆ. ‘ಬಂದಿದ್ದಾರೆ’ ಎಂಬುದು ನಮಗೆ ಒಂದು ಪದ. ಯುನಿಕೋಡ್‌ನಲ್ಲಿ ಅದು ಹತ್ತು ಸಂಕೇತಗಳು. ಕಂಪ್ಯೂಟರಿನಲ್ಲಿ ಪಠ್ಯ ಹಿಡಿಯುವ ಜಾಗವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಅಂದರೆ ಒಟ್ಟು 30 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಮಾದರಿ ಕನ್ನಡವನ್ನು ಹೆಚ್ಚು ಓದಿಲ್ಲದಿದ್ದರೆ ಪದವನ್ನು ಚೂರುಚೂರು ಮಾಡಿಯೇ ನುಂಗುತ್ತದೆ. ಪರಿಣಾಮ ನೇರವಾಗಿ ನಿಮ್ಮ ಕೆಲಸದ ಮೇಲೆ ಬೀಳುತ್ತದೆ: ಅದೇ ಕಥೆಗೆ ಕನ್ನಡದಲ್ಲಿ ಹೆಚ್ಚು ಹಣ ಖರ್ಚಾಗುತ್ತದೆ, ಯಂತ್ರದ ನೆನಪು ಬೇಗ ತುಂಬುತ್ತದೆ. ಹಾಗಾಗಿ ನೂರು ದೃಶ್ಯಗಳ ಚಿತ್ರಕಥೆಯನ್ನು ಒಮ್ಮೆಗೇ ಸುರಿಯಬೇಡಿ. ಸಿನಿಮಾದವರಂತೆ ಶೆಡ್ಯೂಲ್ ಹಾಕಿ. ಪಾತ್ರಗಳ ವಿವರ ಒಂದು ಪುಟ, ಹಿಂದಿನ ದೃಶ್ಯಗಳ ಸಾರ ಅರ್ಧ ಪುಟ, ಈಗ ಬೇಕಾದ ದೃಶ್ಯ ಒಂದು. ಇಷ್ಟನ್ನೇ ಕೊಡಿ.

ಇದರ ಜೊತೆಗೆ ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಗೂಗಲ್ ಕೊಲ್ಯಾಬ್‌ನಲ್ಲಿ ಬ್ರೌಸರಿನಲ್ಲೇ, ಉಚಿತವಾಗಿ ಅಭ್ಯಾಸ ಮಾಡಬಹುದು. ನೂರು ಸಂಭಾಷಣೆಗಳ ಕಡತವನ್ನು ತೆರೆದು, ಪಾತ್ರವಾರು ವಿಂಗಡಿಸಿ, ಎಣಿಸಿ ಉಳಿಸುವಷ್ಟು ಬಂದರೆ ಸದ್ಯಕ್ಕೆ ಸಾಕು. ಲಕ್ಷ ರೂಪಾಯಿ ಶುಲ್ಕದ ಕೋರ್ಸಿಗೆ ಸೇರುವ ಮೊದಲು ಈ ಎರಡು ತಿಂಗಳು ಕಳೆಯಲಿ. ಆಮೇಲೆ ನಿಮಗೆ ಏನು ಗೊತ್ತಿಲ್ಲ ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಹೆಜ್ಜೆ 4: ಒಂದು ದೃಶ್ಯ, ಒಂದು ತಿಂಗಳು

ಇಡೀ ಲೇಖನದಲ್ಲಿ ಒಂದನ್ನೇ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ.

ನಿಮಗೆ ಚೆನ್ನಾಗಿ ಗೊತ್ತಿರುವ ಮನೆಯ ಒಂದು ದೃಶ್ಯವನ್ನು ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಮಂಡ್ಯ ಕಡೆಯ ಒಂದು ಹಳ್ಳಿಮನೆ. ಅಳಿಯ ಹೆಂಡತಿಯ ಚಿನ್ನದ ಸರವನ್ನು ಅಡವಿಟ್ಟಿದ್ದಾನೆ. ಅತ್ತೆಗೆ ಗೊತ್ತಾಗಿದೆ, ಆದರೆ ಗೊತ್ತು ಎಂದು ಆಕೆ ಹೇಳಿಲ್ಲ. ಮಧ್ಯಾಹ್ನದ ಊಟಕ್ಕೆ ಮೂವರೂ ಕೂಡಿದ್ದಾರೆ. ಇಷ್ಟನ್ನು ಕೊಟ್ಟು ಸಂಭಾಷಣೆ ಬರೆಯಲು ಹೇಳಿದಾಗ ಯಂತ್ರ ಅತ್ತೆಯ ಬಾಯಲ್ಲಿ ಹಾಕಿದ ಮಾತು ಇದು:

‘ನೀವು ನನ್ನ ಮಗಳ ಸರವನ್ನು ಅಡವಿಟ್ಟಿದ್ದೀರಿ ಎಂಬುದು ನನಗೆ ತಿಳಿದಿದೆ. ನೀವು ಹೀಗೇಕೆ ಮಾಡಿದಿರಿ? ಇದು ನನಗೆ ತುಂಬಾ ನೋವುಂಟುಮಾಡಿದೆ.’

ಎರಡು ಮಾತು ಮುಂದೆ ಅದೇ ಅತ್ತೆ ಅದೇ ಅಳಿಯನನ್ನು ‘ನೀನು’ ಎಂದು ಕರೆದಳು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆದರೂ ಅಂಥ ಅತ್ತೆಯನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ.

‘ಚೆನ್ನಾಗಿಲ್ಲ’ ಎಂದು ಬರೆದು ಮುಂದಕ್ಕೆ ಹೋದರೆ ನೀವು ಪ್ರೇಕ್ಷಕರಾಗಿಯೇ ಉಳಿದಿರಿ. ಕಂಟಿನ್ಯುಟಿ ಪುಸ್ತಕದ ರೀತಿಯಲ್ಲಿ ಕಾರಣಗಳನ್ನು ಬರೆಯಿರಿ. ನಾನು ಬರೆದದ್ದು: ಅತ್ತೆ ಅಳಿಯನನ್ನು ಎದುರಿಗೆ ನಿಂತು ಪ್ರಶ್ನಿಸುವುದಿಲ್ಲ, ಮಗಳಿಗೆ ಹೇಳಿದಂತೆ ಮಾಡಿ ಅವನಿಗೆ ಮುಟ್ಟಿಸುತ್ತಾಳೆ. ಅಳಿಯನಿಗೆ ಬಹುವಚನ ಕೊನೆಯವರೆಗೂ ತಪ್ಪಬಾರದು. ತಪ್ಪಿದರೆ ಅದು ಕಥೆಯ ತಿರುವಾಗಬೇಕು, ಆಕಸ್ಮಿಕವಾಗಬಾರದು. ನೋವಾಗಿದೆ ಎಂದು ಆಕೆ ಬಾಯಿಬಿಟ್ಟು ಹೇಳಿದರೆ ನಟಿಗೆ ಮಾಡಲು ಏನೂ ಉಳಿಯುವುದಿಲ್ಲ. ಊಟದ ದೃಶ್ಯದಲ್ಲಿ ಯಾರೂ ಬಡಿಸುತ್ತಿಲ್ಲ, ಯಾರೂ ಉಣ್ಣುತ್ತಿಲ್ಲ, ಕೈಗಳಿಗೆ ಕೆಲಸವಿಲ್ಲ.

ಆಮೇಲೆ ನಾನೇ ಒಂದು ಮಾತು ಬರೆದೆ. ಅತ್ತೆ ಮಗಳತ್ತ ತಿರುಗಿ ಹೇಳುತ್ತಾಳೆ: ‘ಅಳಿಯಂದಿರಿಗೆ ಇನ್ನೊಂದು ಮುದ್ದೆ ಬಡಿಸಮ್ಮ. ಮೊದಲಾದರೆ ಬಗ್ಗಿದಾಗ ಸರ ಅಡ್ಡ ಬರುತ್ತಿತ್ತು.’

ಕಾರಣಗಳನ್ನು ಸೇರಿಸಿ ಮತ್ತೆ ಕೇಳಿದಾಗ ಯಂತ್ರದ ಬರಹ ನಿಜಕ್ಕೂ ಸುಧಾರಿಸಿತು. ಬಹುವಚನ ನಿಂತಿತು, ಬಡಿಸುವ ಕೈ ಬಂದಿತು. ಆದರೆ ಸರದ ಪ್ರಸ್ತಾಪ ಪ್ರತಿ ಮಾತಿನಲ್ಲೂ ಬರತೊಡಗಿತು. ‘ಇಡೀ ದೃಶ್ಯದಲ್ಲಿ ಸರದ ಮಾತು ಒಮ್ಮೆ ಮಾತ್ರ’ ಎಂಬ ಹೊಸ ಸೂಚನೆ ಬೇಕಾಯಿತು. ಹೀಗೆ ಒಂದು ದೃಶ್ಯವನ್ನು ಹದಿನೈದು, ಇಪ್ಪತ್ತು ಸಲ ಬರೆಸಿ. ಪ್ರತಿ ಸಲದ ಸೂಚನೆ, ಫಲಿತಾಂಶ, ನಿಮ್ಮ ಟಿಪ್ಪಣಿ ಮೂರನ್ನೂ ದಿನಾಂಕದೊಂದಿಗೆ ಉಳಿಸಿ.

ತಿಂಗಳ ಕೊನೆಗೆ ಆ ಟಿಪ್ಪಣಿಗಳನ್ನು ಹತ್ತು ಹನ್ನೆರಡು ಪ್ರಶ್ನೆಗಳಾಗಿ ಮಾಡಿ. ‘ಸಂಬಂಧಕ್ಕೆ ತಕ್ಕ ಸಂಬೋಧನೆ ದೃಶ್ಯದುದ್ದಕ್ಕೂ ಉಳಿದಿದೆಯೇ?’ ‘ಪಾತ್ರ ತನ್ನ ಭಾವನೆಯನ್ನು ತಾನೇ ವಿವರಿಸುತ್ತಿದೆಯೇ?’ ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದು, ನಿಮ್ಮ ಅಂಕ ತೋರಿಸದೆ, ಅದೇ ಇಪ್ಪತ್ತು ಬರಹಗಳಿಗೆ ಅಂಕ ಹಾಕಿಸಿ. ಎಲ್ಲಿ ಇಬ್ಬರ ಅಂಕಗಳ ನಡುವೆ ದೊಡ್ಡ ಅಂತರವಿದೆಯೋ ಅಲ್ಲಿ ನಿಮ್ಮ ಪ್ರಶ್ನೆ ಮಸುಕಾಗಿದೆ, ಅದನ್ನು ತಿದ್ದಿ ಬರೆಯಿರಿ. ಕಂಪನಿಗಳು ಇದನ್ನು ಮೌಲ್ಯಮಾಪನ ಎನ್ನುತ್ತವೆ. ಕನ್ನಡದಲ್ಲಿ ಇದನ್ನು ಶ್ರದ್ಧೆಯಿಂದ ಮಾಡಬಲ್ಲವರು ಬಹಳ ಕಡಿಮೆ ಎಂಬುದು ನನ್ನ ಅನುಭವ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ನನ್ನ ಚಿತ್ರಗಳ ಹೆಸರನ್ನು ಕೇಳಲಿಲ್ಲ. ಈ ಹನ್ನೆರಡು ಪ್ರಶ್ನೆಗಳ ಮೇಲೆ ಒಂದೂವರೆ ಗಂಟೆ ಮಾತನಾಡಿದರು.

ಹೆಜ್ಜೆ 5: ಮೂರು ನಿಮಿಷದ ಒಂದು ಕೃತಿ, ಅದೂ ಧ್ವನಿಯಲ್ಲಿ

ಸಿನಿಮಾದವರ ಕೈ ಸಹಜವಾಗಿ ವಿಡಿಯೊ ಕಡೆಗೆ ಹೋಗುತ್ತದೆ. 2025ರಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ ವೆಚ್ಚದಲ್ಲಿ, ಎಐ ಬಳಸಿ ತಯಾರಾದ ಪೂರ್ಣ ಪ್ರಮಾಣದ ಕನ್ನಡ ಚಿತ್ರವೊಂದು ಸುದ್ದಿಯಾದ ಮೇಲಂತೂ ಎಲ್ಲರಿಗೂ ಅದೇ ಆಸೆ. ನನ್ನ ಸಲಹೆ ಬೇರೆ: ಧ್ವನಿಯಿಂದ ಆರಂಭಿಸಿ. ವಿಡಿಯೊ ಮಾದರಿಗಳು ಕೆಲವೇ ಸೆಕೆಂಡುಗಳ ತುಣುಕುಗಳನ್ನು ಕೊಡುತ್ತವೆ, ಮುಂದಿನ ತುಣುಕಿಗೆ ಮುಖ ತುಸು ಬದಲಾಗಿರುತ್ತದೆ, ಸೀರೆಯ ಅಂಚು ಬೇರೆಯಾಗಿರುತ್ತದೆ. ಮಲ್ಲೇಶ್ವರದ ಮನೆ ಕೇಳಿದರೆ ಯಾವುದೋ ಉತ್ತರದ ಹವೇಲಿ ಬರುತ್ತದೆ. ಅದನ್ನು ಸರಿಪಡಿಸುವುದರಲ್ಲೇ ತಿಂಗಳುಗಳು ಕಳೆದು, ಕಥೆ ಹಿಂದೆ ಬೀಳುತ್ತದೆ.

ಮೂರು ನಿಮಿಷದ ಧ್ವನಿಕಥೆಗೆ ಬೇಕಾದದ್ದು ಒಂದು ಒಳ್ಳೆಯ ದೃಶ್ಯ, ಇಬ್ಬರ ನಿಜವಾದ ದನಿಗಳು, ಅಡುಗೆಮನೆಯ, ಬೀದಿಯ ಸದ್ದು. ಎಐ ಸಹಾಯದಿಂದ ಬರೆದು, ನೀವು ತಿದ್ದಿ, ಗೆಳೆಯರಿಂದ ಓದಿಸಿ ಧ್ವನಿಮುದ್ರಿಸಿ. ಧ್ವನಿ ಸಂಕಲನದ ತಂತ್ರಾಂಶ ಆಡಾಸಿಟಿ ಉಚಿತ. ವಿಡಿಯೊ ಸಂಕಲನದ ತಂತ್ರಾಂಶ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ನಿಮ್ಮ ಸಂಕಲನಕಾರ ಗೆಳೆಯರ ಬಳಿ ಈಗಾಗಲೇ ಇರುತ್ತದೆ. ಮುಗಿದ ಕೃತಿಯ ಜೊತೆಗೆ ಒಂದು ಪುಟದ ಟಿಪ್ಪಣಿ ಇರಲಿ: ಯಂತ್ರ ಬರೆದದ್ದೆಷ್ಟು, ನಾನು ಕೈಬಿಟ್ಟದ್ದೆಷ್ಟು, ಏಕೆ.

ವಿಡಿಯೊ ಮಾಡಲೇಬೇಕು ಎನ್ನುವವರು ಎಐ ಸೇವೆಯಲ್ಲಿ ಹಣ ಕೊಟ್ಟು ಕೊಳ್ಳುವ ಬಳಕೆಯ ಎಣಿಕೆಯಾದ ಕ್ರೆಡಿಟ್‌ಗಳನ್ನು ಫಿಲಂ ರೋಲಿನಂತೆ ಎಣಿಸಲಿ. 35 ಎಂಎಂ ಫಿಲಂನ ಸಾವಿರ ಅಡಿಯ ರೋಲು ಸುಮಾರು 11 ನಿಮಿಷ ಓಡುತ್ತಿತ್ತು. ಆ ಕಾಲದ ಹಿರಿಯರು ತಾಲೀಮು ಮುಗಿಸದೆ ಕ್ಯಾಮೆರಾ ಚಾಲೂ ಮಾಡುತ್ತಿರಲಿಲ್ಲ. ಇಲ್ಲಿಯೂ ಮೊದಲು ಕಾಗದದ ಮೇಲೆ ಶಾಟ್ ಬಿಡಿಸಿ, ಒಂದು ಸ್ಥಿರಚಿತ್ರ ಒಪ್ಪಿಗೆಯಾದ ಮೇಲೆ ಮಾತ್ರ ಅದಕ್ಕೆ ಚಲನೆ ಕೊಡಿ.

ಹೆಜ್ಜೆ 6: ಕೆಲಸ ಹುಡುಕುವ ಜಾಗಗಳು

ಬೆಂಗಳೂರಿನಲ್ಲಿ ಇರುವುದು ಇಲ್ಲಿ ನಿಜವಾದ ಅನುಕೂಲ. ಭಾರತೀಯ ಭಾಷೆಗಳ ಮಾದರಿಗಳನ್ನು ಕಟ್ಟುವ ಸರ್ವಂ ಇಲ್ಲಿಯದು, 2023ರಲ್ಲಿ ಶುರುವಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಿ ಮುಕ್ತವಾಗಿ ಕೊಡುತ್ತಿದೆ. ಅದನ್ನು ಕೇಳುವುದೇ ಸಂಭಾಷಣೆ ಬರೆಯುವವರಿಗೆ ಒಂದು ಪಾಠ. ಐಐಟಿ ಮದ್ರಾಸ್‌ನ ಎಐ4ಭಾರತ್ 2023ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾದರಿಯನ್ನು ಮುಕ್ತವಾಗಿ ಬಿಟ್ಟಿತು. ಕೇಂದ್ರ ಸರ್ಕಾರದ ಭಾಷಾ ಅನುವಾದ ಯೋಜನೆ ‘ಭಾಷಿಣಿ’ 2022ರಿಂದ ಇದೆ, ಅದರ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ಕನ್ನಡ ಮಾತು ಕೊಡಬಹುದು, ಬೇರೆಯವರು ಕೊಟ್ಟದ್ದನ್ನು ಪರೀಕ್ಷಿಸಬಹುದು. ಒಂದು ವಾರ ಅಲ್ಲಿ ಕೈಯಾಡಿಸಿದರೆ ಭಾಷಾ ದತ್ತಾಂಶ ಎಂದರೇನು ಎಂಬುದು ಅನುಭವಕ್ಕೆ ಬರುತ್ತದೆ.

ಎಐ ಕಂಪನಿಗಳಷ್ಟೇ ಅಲ್ಲದೆ ಬೆಂಗಳೂರಿನ ಪ್ರತಿಲಿಪಿಯಂಥ ಕಥಾ ವೇದಿಕೆಗಳು, ಕನ್ನಡದಲ್ಲೂ ಧ್ವನಿಕಥೆ ಕೊಡುವ ಕುಕು ಎಫ್‌ಎಂನಂಥವು, ಗೇಮ್ ಸ್ಟುಡಿಯೋಗಳು, ಜಾಹೀರಾತು ಸಂಸ್ಥೆಗಳು, ಡಬ್ಬಿಂಗ್ ಸ್ಟುಡಿಯೋಗಳು ಇವೆ. ಜಾಹೀರಾತಿನಲ್ಲಿ ‘ಎಐ ಕಥೆಗಾರ ಬೇಕಾಗಿದ್ದಾರೆ’ ಎಂದು ಬರುವುದು ಅಪರೂಪ. ಭಾಷಾ ತಜ್ಞ, ಕಂಟೆಂಟ್ ಡಿಸೈನರ್, ಸಂವಾದ ವಿನ್ಯಾಸಕ, ಸ್ಥಳೀಕರಣ ಸಂಪಾದಕ ಎಂಬ ಹೆಸರುಗಳಡಿ ಹುಡುಕಿ. ಜನರ ಪರಿಚಯಕ್ಕೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನ ಉಪನ್ಯಾಸಗಳು, ಬನಶಂಕರಿಯ ಸುಚಿತ್ರ ಫಿಲಂ ಸೊಸೈಟಿಯ ಪ್ರದರ್ಶನಗಳು ಒಳ್ಳೆಯ ಜಾಗ. ಅಲ್ಲಿ ಎಂಜಿನಿಯರುಗಳೂ ಸಿನಿಮಾಸಕ್ತರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ.

ಹಣದ ಬಗ್ಗೆ ಎರಡು ಮಾತು. ಆರು ತಿಂಗಳ ಮನೆ ಬಾಡಿಗೆ ಮತ್ತು ಊಟದ ಖರ್ಚು ಕೈಯಲ್ಲಿಲ್ಲದೆ ಸಿನಿಮಾ ಕೆಲಸ ಬಿಡಬೇಡಿ. ವಾಕ್ಯಕ್ಕಿಷ್ಟು ಎಂದು ಕೊಡುವ ದತ್ತಾಂಶದ ಕೆಲಸ ಕಲಿಯಲು ಸರಿ, ಅದರಲ್ಲೇ ವರ್ಷ ಕಳೆದರೆ ಹೆಸರೂ ಉಳಿಯುವುದಿಲ್ಲ, ಅನುಭವಕ್ಕೆ ಬೆಲೆಯೂ ಬರುವುದಿಲ್ಲ.

ಹೆಜ್ಜೆ 7: ಸಹಿ ಹಾಕುವ ಮೊದಲು

ನನ್ನ ಮೊದಲ ಎಐ ಕೆಲಸದಲ್ಲಿ ನಲವತ್ತು ದೃಶ್ಯಗಳನ್ನು ಬರೆದುಕೊಟ್ಟೆ. ಒಪ್ಪಂದದಲ್ಲಿ ‘ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ’ ಎಂಬ ಪದಗಳಿದ್ದವು. ಓದದೆ ಸಹಿ ಹಾಕಿದೆ. ಆ ದೃಶ್ಯಗಳನ್ನು ಬೆಳೆಸಿ ಒಂದು ನಾಟಕ ಮಾಡುವ ಆಸೆ ಈಗಲೂ ಇದೆ, ಹಕ್ಕು ನನ್ನಲ್ಲಿಲ್ಲ. ಆ ನೋವಿನಿಂದ ಕೆಲವು ವಿಷಯ ಕಲಿತೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಉದ್ಯೋಗದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದ್ದು. ಹೊರಗಿನಿಂದ ಬರೆದುಕೊಟ್ಟು ಹಕ್ಕು ವರ್ಗಾಯಿಸುವಾಗ ಅವಧಿ ನಮೂದಿಸದಿದ್ದರೆ 19ನೇ ಸೆಕ್ಷನ್ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸುತ್ತದೆ. ಅದಕ್ಕೇ ಒಪ್ಪಂದಗಳಲ್ಲಿ ‘ಶಾಶ್ವತ’ ಎಂದು ಸೇರಿಸುತ್ತಾರೆ. ಆ ಪದದ ಮೇಲೆ ಬೆರಳಿಟ್ಟು ಮಾತನಾಡಿ. ಮಾದರಿಗೆ ತರಬೇತಿ ಕೊಡಲು ನಿಮ್ಮ ಬರಹ ಬಳಸಬಹುದೇ, ಅದಕ್ಕೆ ಪ್ರತ್ಯೇಕ ಸಂಭಾವನೆ ಇದೆಯೇ ಎಂಬುದು ಬೇರೆಯೇ ಒಂದು ಷರತ್ತಾಗಿ ಇರಲಿ. ಹಾಲಿವುಡ್ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ ಪಡೆದ ಷರತ್ತುಗಳಲ್ಲಿ, ಎಐ ಬರೆದದ್ದನ್ನು ಸಾಹಿತ್ಯ ಕೃತಿ ಎಂದು ಪರಿಗಣಿಸುವಂತಿಲ್ಲ, ಬರಹಗಾರರಿಗೆ ಕೊಡುವ ಸಾಮಗ್ರಿಯಲ್ಲಿ ಎಐ ಬರಹವಿದ್ದರೆ ತಿಳಿಸಬೇಕು ಎಂಬವೂ ಇದ್ದವು. ನಾವು ಕೇಳುವುದು ಅತಿಯಾಸೆ ಏನಲ್ಲ.

2025ರ ಆಗಸ್ಟ್‌ನಲ್ಲಿ ಹಳೆಯ ಹಿಂದಿ ಚಿತ್ರವೊಂದರ ತಮಿಳು ಆವೃತ್ತಿಯ ಅಂತ್ಯವನ್ನು ಎಐ ಬಳಸಿ ಬದಲಾಯಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕರು ಬಹಿರಂಗವಾಗಿ ವಿರೋಧಿಸಿದರು. ನಿಮ್ಮ ಕೃತಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಎಐ ಮೂಲಕ ಬದಲಾಯಿಸಬಾರದು ಎಂಬ ಒಂದು ಸಾಲನ್ನು ಇನ್ನು ಮುಂದೆ ಸಿನಿಮಾ ಒಪ್ಪಂದದಲ್ಲೂ ಬರೆಸಿಕೊಳ್ಳಿ.

ದನಿಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಡಬ್ಬಿಂಗ್ ಕಲಾವಿದರ ದನಿಯನ್ನು ಲಿಖಿತ ಒಪ್ಪಿಗೆ ಮತ್ತು ಹಣವಿಲ್ಲದೆ ನಕಲು ಮಾಡುವ ಕೆಲಸ ಬಂದರೆ ಬಿಟ್ಟುಬಿಡಿ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಅವರ ದನಿಯನ್ನು ಎಐ ಮೂಲಕ ಅನುಮತಿಯಿಲ್ಲದೆ ಬಳಸುವುದಕ್ಕೆ ಮಧ್ಯಂತರ ತಡೆ ನೀಡಿತು. ಹೆಸರಾಂತ ಗಾಯಕರು ಕೋರ್ಟಿಗೆ ಹೋಗಬಲ್ಲರು. ದಿನಗೂಲಿಗೆ ಗುಂಪಿನ ದನಿ ಕೊಡುವ ನಮ್ಮ ಅಕ್ಕಂದಿರು ಹೋಗಲಾರರು. ಅವರು ನನಗೆ ಚಹಾ ಕೊಟ್ಟು, ಕನ್ನಡದ ಏರಿಳಿತ ಕಲಿಸಿದವರು.

ಹೆಜ್ಜೆ 8: ಸೆಟ್ಟಿನ ನಂಟು ಬಿಡಬೇಡಿ

ದಿನವಿಡೀ ಯಂತ್ರದ ಕನ್ನಡ ಓದುತ್ತಿದ್ದರೆ ನಿಮ್ಮ ಕಿವಿಯೂ ಅದಕ್ಕೆ ಒಗ್ಗಿಹೋಗುತ್ತದೆ. ವರ್ಷಕ್ಕೆ ಒಂದಾದರೂ ಶೆಡ್ಯೂಲ್‌ಗೆ, ಕಡೇಪಕ್ಷ ಒಂದು ಕಿರುಚಿತ್ರಕ್ಕೆ ಕೆಲಸ ಮಾಡಿ. ಕಳೆದ ಸಲ ಗೆಳೆಯನ ಕಿರುಚಿತ್ರಕ್ಕಾಗಿ ಮಾಗಡಿ ಬಳಿಯ ಒಂದು ಮನೆಯಲ್ಲಿ ನಾಲ್ಕು ದಿನ ಕಂಟಿನ್ಯುಟಿ ಬರೆದೆ. ಎರಡನೆಯ ದಿನ ಸಂಜೆಯಾದರೂ ಚಿತ್ರೀಕರಣ ಮುಗಿದಿರಲಿಲ್ಲ. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು: ‘ರಾತ್ರಿ ಊಟಕ್ಕೆ ನಿಮಗೂ ಅಕ್ಕಿ ಹಾಕಲೇನಪ್ಪಾ?’ ಹತ್ತು ನಿಮಿಷದಲ್ಲಿ ಲೈಟುಗಳೆಲ್ಲ ವ್ಯಾನಿಗೆ ಏರಿದವು. ಅಜ್ಜಿಯ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ. ಸೋಮವಾರ ಕಚೇರಿಗೆ ಬಂದು ನಮ್ಮ ಪಟ್ಟಿಗೆ ಹದಿಮೂರನೆಯ ಪ್ರಶ್ನೆ ಸೇರಿಸಿದೆ: ‘ಹೊರಡಿ ಎಂದು ಹೇಳಬೇಕಾದ ಪಾತ್ರ, ಏನನ್ನು ಕೇಳುತ್ತಿದೆ?’